ಹೊಳೆಗೆ ಬಿಟ್ಟ ಐನೂರು ಕೊರಡುಗಳು

ಹತ್ತೊಂಬತ್ತನೆಯ ಶತಮಾನದ ಭೂಪಟಗಳನ್ನು ಬಿಡಿಸಿ ನೋಡಿದರೆ ಹಿಮಾಲಯದ ಪೂರ್ವದ ತುದಿಯಲ್ಲಿ ಒಂದು ಖಾಲಿ ಜಾಗ ಕಾಣುತ್ತದೆ. ಟಿಬೆಟ್ಟಿನ ಕಡೆಯಿಂದ ಒಂದು ಮಹಾನದಿ ಪಶ್ಚಿಮದಿಂದ ಪೂರ್ವಕ್ಕೆ ನೂರಾರು ಮೈಲಿ ಹರಿದು ಬಂದು ಆ ಖಾಲಿ ಜಾಗವನ್ನು ಹೊಕ್ಕು ಮರೆಯಾಗುತ್ತದೆ. ಅಸ್ಸಾಮಿನ ಕಡೆಯಲ್ಲಿ ಬೆಟ್ಟಗಳ ಸಂದಿನಿಂದ ಇನ್ನೊಂದು ನದಿ ಹೊರಬೀಳುತ್ತದೆ. ಮೇಲಿನದರ ಹೆಸರು ತ್ಸಾಂಗ್‌ಪೋ. ಕೆಳಗಿನದರ ಹೆಸರು ದಿಹಾಂಗ್, ಬಯಲಿಗೆ ಬಂದು ಉಳಿದ ಹೊಳೆಗಳನ್ನು ಕೂಡಿಕೊಂಡ ಮೇಲೆ ಬ್ರಹ್ಮಪುತ್ರ. ಇವೆರಡೂ ಒಂದೆಯೋ ಬೇರೆಬೇರೆಯೋ ಎಂಬುದು ನೂರು ವರ್ಷಕ್ಕೂ ಮಿಕ್ಕು ಭೂಗೋಳ ಪಂಡಿತರನ್ನು ಕಾಡಿದ ಪ್ರಶ್ನೆ. ಅದನ್ನು ಬಿಡಿಸಹೊರಟವರಲ್ಲಿ ಸೈನ್ಯಾಧಿಕಾರಿಗಳಿದ್ದರು, ಗಣಿತಜ್ಞರಿದ್ದರು, ಸಂಘಗಳಲ್ಲಿ ಪ್ರಬಂಧ ಓದಿದ ವಿದ್ವಾಂಸರಿದ್ದರು. ಆದರೆ ಅದಕ್ಕಾಗಿ ತನ್ನ ಬಾಳಿನ ನಾಲ್ಕು ವರ್ಷಗಳನ್ನು ತೆತ್ತವನು ಓದುಬರಹ ಬಾರದ ಒಬ್ಬ ದರ್ಜಿ. ಅವನ ಹೆಸರು ಕಿಂಥುಪ್.

ಪ್ರಶ್ನೆಯ ಹಿರಿಮೆ ತಿಳಿಯದಿದ್ದರೆ ಈ ಮನುಷ್ಯನ ಹಿರಿಮೆಯೂ ತಿಳಿಯದು. ಹದಿನೆಂಟನೆಯ ಶತಮಾನದಲ್ಲಿ ಫ್ರೆಂಚ್ ಭೂಪಟಕಾರ ದಾನ್‌ವಿಲ್ ತ್ಸಾಂಗ್‌ಪೋ ನದಿಯನ್ನು ಬರ್ಮಾದ ಐರಾವತಿಗೆ ಕೂಡಿಸಿ ಬರೆದ. ಬಂಗಾಳದ ಮೋಜಣಿಗಾಗಿ ನೇಮಕವಾಗಿದ್ದ ಜೇಮ್ಸ್ ರೆನೆಲ್ ೧೭೬೫ರಲ್ಲಿ ಬ್ರಹ್ಮಪುತ್ರದ ಮೇಲೆ ದೋಣಿಯಲ್ಲಿ ಸಾಗಿ, ಅದು ಗಂಗೆಗಿಂತಲೂ ದೊಡ್ಡದಾಗಿರುವುದನ್ನು ಕಂಡು ಬೆರಗಾಗಿ, ಇಷ್ಟು ನೀರು ಟಿಬೆಟ್ಟಿನಿಂದಲೇ ಬರುತ್ತಿರಬೇಕೆಂದು ಊಹಿಸಿದ. ಊಹೆ ಸರಿಯೇ, ಆದರೆ ಕಂಡವರಾರು? ೧೮೮೦ರ ದಶಕದಲ್ಲಿ ಕೂಡ ಬರ್ಮಾದಲ್ಲಿ ಎಂಜಿನಿಯರಾಗಿದ್ದ ರಾಬರ್ಟ್ ಗಾರ್ಡನ್ ಎಂಬಾತ ಐರಾವತಿಯ ನೀರಿನ ಪ್ರಮಾಣವನ್ನು ಅಳೆದು, ತ್ಸಾಂಗ್‌ಪೋ ಐರಾವತಿಯೇ ಎಂದು ಹಠ ಹಿಡಿದು ವಾದಿಸುತ್ತಿದ್ದ. ಇದಲ್ಲದೆ ಇನ್ನೊಂದು ಸೋಜಿಗವೂ ಇತ್ತು. ಟಿಬೆಟ್ಟಿನಲ್ಲಿ ನದಿ ಕಣ್ಮರೆಯಾಗುವಲ್ಲಿ ಅದರ ಪಾತ್ರ ಸಮುದ್ರಮಟ್ಟದಿಂದ ಸುಮಾರು ೯,೦೦೦ ಅಡಿ ಎತ್ತರದಲ್ಲಿದೆ. ಅಸ್ಸಾಮಿನಲ್ಲಿ ದಿಹಾಂಗ್ ಹೊರಬೀಳುವಲ್ಲಿ ಕೇವಲ ೫೦೦ ಅಡಿ. ನಡುವಣ ದೂರವಾದರೋ ಹೆಚ್ಚಿಲ್ಲ. ಇವೆರಡೂ ಒಂದೇ ನದಿಯಾಗಿದ್ದ ಪಕ್ಷದಲ್ಲಿ ಅಷ್ಟು ನೀರು ಅಷ್ಟು ಸಣ್ಣ ದೂರದಲ್ಲಿ ಅಷ್ಟು ಕೆಳಕ್ಕೆ ಇಳಿಯುವುದು ಹೇಗೆ? ಆ ಕಣಿವೆಯಲ್ಲಿ ಎಲ್ಲೋ ಜಗತ್ತಿನಲ್ಲೇ ದೊಡ್ಡದಾದ ಜಲಪಾತವೊಂದು ಅಡಗಿರಬೇಕೆಂದು ಹಲವರು ನಂಬಿದರು. ನಂಬಿಕೆ ಕ್ರಮೇಣ ಹಂಬಲವಾಯಿತು.

ಆದರೆ ಟಿಬೆಟ್ಟಿನ ಬಾಗಿಲು ಪರದೇಶದವರಿಗೆ ಮುಚ್ಚಿತ್ತು. ದಿಹಾಂಗ್ ಹರಿಯುವ ಬೆಟ್ಟಗಳಲ್ಲಿ ಇಂದು ಆದಿ ಎಂದು ಕರೆಯಿಸಿಕೊಳ್ಳುವ ಜನ, ಅಂದು ಹೊರಗಿನವರು ಅಬೋರರೆಂದು ಕರೆದವರು, ತಮ್ಮ ನೆಲದೊಳಕ್ಕೆ ಯಾರನ್ನೂ ಬಿಡುತ್ತಿರಲಿಲ್ಲ. ಹೀಗಾಗಿ ಭಾರತದ ಮೋಜಣಿ ಇಲಾಖೆ ಬೇರೊಂದು ಉಪಾಯವನ್ನು ಹೂಡಿತು. ಈ ಇಲಾಖೆಯ ಮಹಾ ತ್ರಿಕೋನಮಿತಿ ಮೋಜಣಿಗೆ ಮೊದಲ ಅಡಿಪಾಯ ಬಿದ್ದದ್ದು ನಮ್ಮ ಬೆಂಗಳೂರಿನ ಬಯಲಿನಲ್ಲಿ, ೧೮೦೦ರಲ್ಲಿ ವಿಲಿಯಂ ಲ್ಯಾಂಬ್ಟನ್ ಸರಪಳಿ ಹಿಡಿದು ಆಧಾರರೇಖೆಯನ್ನು ಅಳೆದಾಗ, ಎಂಬುದನ್ನು ಇಲ್ಲಿ ನೆನೆಯಬಹುದು. ದಕ್ಷಿಣದಲ್ಲಿ ಹುಟ್ಟಿದ ಆ ಅಳತೆಯ ಜಾಲ ಉತ್ತರದ ಹಿಮಶಿಖರಗಳನ್ನು ಮುಟ್ಟಿದ ಮೇಲೆ ಮುಂದಕ್ಕೆ ಯಂತ್ರಗಳು ಸಾಗಲಾರದೆ ನಿಂತವು. ಆಗ ಗುಡ್ಡಗಾಡಿನ ಜನರನ್ನೇ ಆರಿಸಿ, ತರಬೇತಿ ಕೊಟ್ಟು, ಯಾತ್ರಿಕರ ವೇಷದಲ್ಲಿ ಗಡಿ ದಾಟಿಸುವ ಪದ್ಧತಿ ಬಂತು. ಇವರಿಗೆ ಪಂಡಿತರೆಂದು ಹೆಸರು. ಜಪಮಾಲೆಯಲ್ಲಿ ೧೦೮ ಮಣಿಗಳಿಗೆ ಬದಲು ೧೦೦ ಮಣಿ; ಪ್ರತಿ ನೂರು ಹೆಜ್ಜೆಗೆ ಒಂದು ಮಣಿ ಜಾರುವುದು. ಪ್ರಾರ್ಥನಾಚಕ್ರದೊಳಗೆ ಮಂತ್ರದ ಬದಲು ಅಳತೆಯ ಕಾಗದ. ಇಲಾಖೆಯ ದಫ್ತರದಲ್ಲಿ ಇವರ ನಿಜನಾಮವಿಲ್ಲ, ಒಂದೆರಡು ಅಕ್ಷರಗಳ ಸಂಕೇತವಷ್ಟೆ. ನೈನ್ ಸಿಂಗ್, ಕಿಷನ್ ಸಿಂಗ್ ಮೊದಲಾದವರ ಕೀರ್ತಿ ಭೂಗೋಳ ಬಲ್ಲವರಿಗೆ ತಿಳಿದದ್ದೇ. ಕಿಂಥುಪ್ ಈ ಸಾಲಿನವನಾದರೂ ಈ ಪಂಕ್ತಿಯಲ್ಲಿ ಅವನಿಗೆ ಎಲೆ ಹಾಕಿದವರಿಲ್ಲ. ಅವನು ಪಂಡಿತನಾಗಿ ಹೋದವನಲ್ಲ, ಪಂಡಿತನ ಆಳಾಗಿ ಹೋದವನು.

ಕಿಂಥುಪ್ ಸಿಕ್ಕಿಂ ಸೀಮೆಯವನು. ದಾರ್ಜಿಲಿಂಗಿನಲ್ಲಿ ಬಟ್ಟೆ ಹೊಲಿದು ಜೀವಿಸುತ್ತಿದ್ದ. ದೇಹದಲ್ಲಿ ಗಟ್ಟಿಮುಟ್ಟು, ಮಾತಿನಲ್ಲಿ ಮಿತ. ಟಿಬೆಟ್ಟಿನ ಭಾಷೆ ಬಲ್ಲ, ಆದರೆ ಯಾವ ಭಾಷೆಯ ಅಕ್ಷರವನ್ನೂ ಬಲ್ಲವನಲ್ಲ. ೧೮೭೮ರಲ್ಲಿ ನೇಮ್ ಸಿಂಗ್ ಎಂಬ ಪಂಡಿತನನ್ನು ಇಲಾಖೆ ತ್ಸಾಂಗ್‌ಪೋ ನದಿಯ ಜಾಡು ಹಿಡಿಯಲು ಕಳುಹಿಸಿದಾಗ ಇವನು ಸಹಾಯಕನಾಗಿ ಜೊತೆಗೆ ನಡೆದ. ಅವರಿಬ್ಬರೂ ಚೇತಾಂಗ್ ಊರಿನಿಂದ ನದಿಯಗುಂಟ ೨೮೭ ಮೈಲಿ ಸಾಗಿ ಗ್ಯಾಲಾ ಎಂಬಲ್ಲಿಗೆ ಮುಟ್ಟಿದರು. ಅಲ್ಲಿ ನದಿ ಎರಡು ಮಹಾಶಿಖರಗಳ ನಡುವಣ ಇಕ್ಕಟ್ಟಿಗೆ ನುಗ್ಗುತ್ತದೆ. ಒಂದು ಕಡೆ ೨೫,೦೦೦ ಅಡಿಗಳನ್ನು ಮೀರಿದ ನಾಮ್ಚಾ ಬಾರ್ವಾ, ಇನ್ನೊಂದು ಕಡೆ ಅದಕ್ಕಿಂತ ತುಸುವೇ ಕುಳ್ಳಾದ ಗ್ಯಾಲಾ ಪೇರಿ. ಅಲ್ಲಿಂದ ಮುಂದೆ ದಾರಿಯಿಲ್ಲವೆಂದು ನೇಮ್ ಸಿಂಗ್ ಹಿಂದಿರುಗಿದ. ಪ್ರಶ್ನೆ ಇದ್ದಲ್ಲಿಯೇ ಇತ್ತು.

ಈ ಕೆಲಸದ ಮೇಲ್ವಿಚಾರಣೆ ಹೊತ್ತಿದ್ದವನು ಕ್ಯಾಪ್ಟನ್ ಹಾರ್ಮನ್. ಆತ ಅಸ್ಸಾಮಿನ ನದಿಗಳ ನೀರನ್ನು ಅಳೆದವನು. ದಿಹಾಂಗ್ ನದಿಯೇ ತ್ಸಾಂಗ್‌ಪೋ ಎಂದು ನಂಬಿದವನು. ನಂಬಿಕೆಯನ್ನು ಪ್ರಮಾಣವನ್ನಾಗಿ ಮಾಡಲು ಅವನಿಗೆ ಹೊಳೆದ ಯುಕ್ತಿ ಅತಿ ಸರಳವಾದುದು, ಮಕ್ಕಳಿಗೂ ಹೊಳೆಯಬಹುದಾದುದು. ಮಳೆಗಾಲದಲ್ಲಿ ಮನೆಯ ಮುಂದಿನ ಕಾಲುವೆಯಲ್ಲಿ ಕಾಗದದ ದೋಣಿ ಬಿಟ್ಟು, ಬೀದಿಯ ಕೊನೆಗೆ ಓಡಿ ಅದಕ್ಕಾಗಿ ಕಾಯುವ ಹುಡುಗರನ್ನು ನಾವೆಲ್ಲ ಕಂಡಿದ್ದೇವೆ. ಹಾರ್ಮನ್ ಯೋಚಿಸಿದ್ದೂ ಅದನ್ನೇ. ತ್ಸಾಂಗ್‌ಪೋ ನದಿಯನ್ನು ಹಿಡಿದು ಭಾರತದ ಬಯಲಿನವರೆಗೂ ನಡೆದು ಬರಲು ಸಾಧ್ಯವಾದರೆ ಸರಿ. ಸಾಧ್ಯವಾಗದಿದ್ದರೆ ಒಂದೊಂದು ಅಡಿ ಉದ್ದದ ಐನೂರು ಕೊರಡುಗಳನ್ನು ಕಡಿದು, ಗುರುತಿನ ಲೋಹದ ನಳಿಕೆಗಳನ್ನು ಅವಕ್ಕೆ ಸೇರಿಸಿ, ದಿನಕ್ಕೆ ಐವತ್ತರಂತೆ ಹತ್ತು ದಿನ ನದಿಗೆ ಬಿಡತಕ್ಕದ್ದು. ಬಿಡುವ ದಿನವನ್ನು ಮುಂಚಿತವಾಗಿ ತಿಳಿಸತಕ್ಕದ್ದು. ದಿಹಾಂಗ್ ಬಯಲಿಗಿಳಿಯುವಲ್ಲಿ ಹಾರ್ಮನ್ನನ ಜನ ದಡದಲ್ಲಿ ಕಾದಿರುತ್ತಾರೆ. ಒಂದೇ ಒಂದು ಕೊರಡು ಅವರ ಕಣ್ಣಿಗೆ ಬಿದ್ದರೂ ಸಾಕು, ನೂರು ವರ್ಷದ ವಾದ ಮುಗಿಯಿತು.

೧೮೮೦ರ ಆಗಸ್ಟ್ ತಿಂಗಳಿನಲ್ಲಿ ಹಾರ್ಮನ್ ಈ ಕೆಲಸಕ್ಕೆ ಒಬ್ಬ ಚೀನೀ ಲಾಮನನ್ನು ಗೊತ್ತುಮಾಡಿ ದಾರ್ಜಿಲಿಂಗಿನಿಂದ ಕಳುಹಿಸಿದ. ಲಾಮನಿಗೆ ಓದು ಬರಹ ಗೊತ್ತು, ಆದ್ದರಿಂದ ಅವನು ಯಜಮಾನ. ದಾರಿ ಕಂಡ ಕಿಂಥುಪ್ ಸೇವಕ. ವಿದ್ಯೆಯೊಂದನ್ನೇ ಯೋಗ್ಯತೆಯ ಮಾನದಂಡವಾಗಿ ಹಿಡಿದವರು ಎಡವುವ ಪರಿ ಇದಕ್ಕಿಂತ ಸ್ಪಷ್ಟವಾಗಿ ಬೇರೆಲ್ಲಿ ತೋರೀತು? ಲಾಮ ದಾರಿಯುದ್ದಕ್ಕೂ ಸರ್ಕಾರದ ಹಣವನ್ನು ದುಂದುಮಾಡಿದ. ಒಂದು ಹಳ್ಳಿಯಲ್ಲಿ ತಂಗಿದಾಗ ಆತಿಥ್ಯ ಕೊಟ್ಟವನ ಹೆಂಡತಿಯಲ್ಲೇ ಮನಸ್ಸಿಟ್ಟು ನಾಲ್ಕು ತಿಂಗಳು ಅಲ್ಲಿಂದ ಕದಲಲಿಲ್ಲ. ಕೊನೆಗೆ ವಿಷಯ ಬಯಲಾದಾಗ ಮನೆಯವನಿಗೆ ೨೫ ರೂಪಾಯಿ ತಪ್ಪುಕಾಣಿಕೆ ಕೊಡಿಸಿ ಒಡೆಯನನ್ನು ಬಿಡಿಸಿಕೊಂಡು ಹೊರಟವನು ಕಿಂಥುಪ್.

ಅಂತೂ ೧೮೮೧ರ ವಸಂತದ ಹೊತ್ತಿಗೆ ಅವರು ಗ್ಯಾಲಾವನ್ನು ದಾಟಿ, ಹಿಂದೆ ನೇಮ್ ಸಿಂಗ್ ನಿಂತಲ್ಲಿಂದ ಮುಂದಕ್ಕೆ ಹೋಗಿ, ಪೆಮಕೋಚುಂಗ್ ಎಂಬ ಪುಟ್ಟ ಮಠದ ಬಳಿ ಬಂದರು. ಇಲ್ಲಿಯ ನದಿಯನ್ನು ನದಿಯೆನ್ನುವುದು ರೂಢಿಯ ಮಾತು. ಮೇಲೆ ಲ್ಹಾಸಾ ಸೀಮೆಯಲ್ಲಿ ದೋಣಿ ಸಾಗುವಷ್ಟು ಸೌಮ್ಯವಾಗಿ, ಮರಳ ದಿಬ್ಬಗಳ ನಡುವೆ ಹರಡಿಕೊಂಡು ಹರಿಯುವ ತ್ಸಾಂಗ್‌ಪೋ ಇಲ್ಲಿ ಬಂಡೆಗಳ ಇಕ್ಕುಳಕ್ಕೆ ಸಿಕ್ಕಿ, ನೀರಿನ ಬಣ್ಣವೇ ಮಾಯವಾಗಿ, ಉದ್ದಕ್ಕೂ ಬರಿಯ ನೊರೆಯಾಗಿ ಕಾಣುತ್ತದೆ. ದಡವೆಂಬುದಿಲ್ಲ, ನೀರಿನಿಂದ ನೆಟ್ಟಗೆ ಎದ್ದ ಕಲ್ಲುಗೋಡೆ, ಅದರ ಮೇಲೆ ಕಾಡು, ಕಾಡಿನ ಮೇಲೆ ಹಿಮ. ಅಲ್ಲಿ ನದಿಯೊಡನೆ ನಡೆಯುವ ದಾರಿ ಮುಗಿಯಿತು. ಅವರು ಹಿಂದಕ್ಕೆ ತಿರುಗಿ ಬಳಸುದಾರಿ ಹಿಡಿದು ತೊಂಗ್‌ಜುಕ್ ಎಂಬ ಕೋಟೆಯ ಊರಿಗೆ ಬಂದರು. ಲಾಮ ಏನೋ ಕೆಲಸವಿದೆಯೆಂದು, ಕೆಲವೇ ದಿನಗಳಲ್ಲಿ ಮರಳುವುದಾಗಿ ಹೇಳಿ ಹೊರಟುಹೋದ. ದಿನಗಳು ವಾರಗಳಾದವು. ತನ್ನನ್ನು ಆ ಕೋಟೆಯ ಅಧಿಕಾರಿಗೆ ಗುಲಾಮನನ್ನಾಗಿ ಮಾರಿ ಲಾಮ ತನ್ನ ದೇಶದ ದಾರಿ ಹಿಡಿದನೆಂಬುದು ಕಿಂಥುಪ್‌ಗೆ ತಿಳಿದದ್ದು ಆಮೇಲೆ. ಸರ್ಕಾರದ ವಸ್ತುಗಳಲ್ಲಿ ತನ್ನ ವಶದಲ್ಲಿದ್ದುದನ್ನೂ ಆ ಮಹಾನುಭಾವ ಕೊಂಡೊಯ್ದಿದ್ದ.

ಸುಮಾರು ಹತ್ತು ತಿಂಗಳು ಕಿಂಥುಪ್ ಆ ಕೋಟೆಯಲ್ಲಿ ಗುಲಾಮನಾಗಿ ದುಡಿದ. ೧೮೮೨ರ ಮಾರ್ಚ್ ತಿಂಗಳಿನಲ್ಲಿ ಒಂದು ದಿನ ತಪ್ಪಿಸಿಕೊಂಡು ಓಡಿದ. ಅವನು ಯಾವ ದಿಕ್ಕಿಗೆ ಓಡಿದ ಎಂಬುದನ್ನು ಓದುಗರು ಗಮನಿಸಬೇಕು. ಹಣವಿಲ್ಲ, ಯಜಮಾನನಿಲ್ಲ, ಉಪಕರಣಗಳಿಲ್ಲ. ಒಪ್ಪಂದವೇನಾದರೂ ಇದ್ದರೆ ಅದು ಲಾಮನಿಗೂ ಹಾರ್ಮನ್ನನಿಗೂ ನಡುವಣದು. ದಾರ್ಜಿಲಿಂಗಿಗೆ ಮರಳಿ ನಡೆದದ್ದನ್ನು ನಡೆದಂತೆ ಹೇಳಿದ್ದರೆ ಅವನನ್ನು ಯಾರೂ ದೂರುತ್ತಿರಲಿಲ್ಲ. ಕಿಂಥುಪ್ ಮನೆಯ ಕಡೆಗೆ ಓಡಲಿಲ್ಲ, ನದಿಯ ಕಡೆಗೆ ಓಡಿದ. ಕಾಡಿನ ಇಳಿಜಾರುಗಳನ್ನು ಹಾದು, ದುರ್ಗಮ ಕಣಿವೆಯ ಕೆಳಭಾಗದಲ್ಲಿ ಮತ್ತೆ ತ್ಸಾಂಗ್‌ಪೋ ನದಿಯನ್ನು ಸೇರಿ, ಪೆಮಕೋ ಸೀಮೆಯ ಮಾರ್ಪುಂಗ್ ಎಂಬ ಮಠವನ್ನು ಮುಟ್ಟಿದ. ಅಷ್ಟರಲ್ಲಿ ಕೋಟೆಯ ಅಧಿಕಾರಿಯ ಆಳುಗಳು ಬೆನ್ನಟ್ಟಿ ಬಂದರು. ಕಿಂಥುಪ್ ಮಠಾಧಿಪತಿಯ ಕಾಲಿಗೆ ಬಿದ್ದು ಶರಣು ಬೇಡಿದ. ಆ ಹಿರಿಯ ಲಾಮ ಕರುಣೆಯುಳ್ಳವನು. ೫೦ ರೂಪಾಯಿ ತೆತ್ತು ಅವನನ್ನು ಕೊಂಡುಕೊಂಡ. ಹಳೆಯ ಒಡೆಯ ಹೋಗಿ ಹೊಸ ಒಡೆಯ ಬಂದನೆನ್ನಬೇಕೇ ಹೊರತು ಸ್ವಾತಂತ್ರ್ಯ ಬಂತೆನ್ನುವಂತಿಲ್ಲ. ಆದರೆ ಈ ಒಡೆಯನ ಮನೆ ನದಿಯ ಹತ್ತಿರವಿತ್ತು.

ನಾಲ್ಕೂವರೆ ತಿಂಗಳು ನಿಷ್ಠೆಯಿಂದ ಸೇವೆ ಮಾಡಿದ ಮೇಲೆ ಕಿಂಥುಪ್ ತೀರ್ಥಯಾತ್ರೆಗೆಂದು ರಜೆ ಕೇಳಿದ. ಧರ್ಮಕಾರ್ಯಕ್ಕೆ ಇಲ್ಲವೆನ್ನುವುದುಂಟೆ? ಅಪ್ಪಣೆ ದೊರೆಯಿತು. ಅವನು ಹೋದದ್ದು ನದಿಯ ದಂಡೆಯ ಗಿಲಿಂಗ್ ಎಂಬಲ್ಲಿಗೆ. ಅಲ್ಲಿ ಕಾಡಿನಲ್ಲಿ ಒಬ್ಬನೇ ಕುಳಿತು, ಅಪ್ಪಣೆಯಾಗಿದ್ದ ಅಳತೆಯಲ್ಲೇ, ಒಂದೊಂದಾಗಿ ಐನೂರು ಕೊರಡುಗಳನ್ನು ಕಡಿದು ಸಿದ್ಧಪಡಿಸಿದ. ಮನುಷ್ಯರು ಕಾಲಿಡದ ಒಂದು ಗುಹೆಯಲ್ಲಿ ಅವನ್ನು ಬಚ್ಚಿಟ್ಟ. ಮಠಕ್ಕೆ ಮರಳಿ ಮತ್ತೆ ಆಳಾಗಿ ನಿಂತ. ಆ ಕೂಡಲೆ ಅವನ್ನು ನೀರಿಗೆ ಬಿಟ್ಟುಬಿಡಬಾರದಾಗಿತ್ತೇ ಎಂದು ತರಗತಿಯಲ್ಲಿ ಹುಡುಗರು ಒಮ್ಮೆ ನನ್ನನ್ನು ಕೇಳಿದ್ದುಂಟು. ಬಿಟ್ಟು ಫಲವೇನು? ನಿಗದಿಯಾದ ಕಾಲ ಎಂದೋ ಮೀರಿಹೋಗಿತ್ತು. ಕೆಳಗೆ ಕಾಯುವವನಿಗೆ ಹೊಸ ದಿನ ತಿಳಿಯದೆ ಮೇಲೆ ಬಿಟ್ಟ ಕೊರಡು ಬರಿಯ ಕೊರಡು. ಮೊದಲು ಸುದ್ದಿ ಮುಟ್ಟಬೇಕು, ಆಮೇಲೆ ಕೊರಡು ಹರಿಯಬೇಕು. ಅಕ್ಷರ ಬಾರದವನಿಗೆ ಅಕ್ಷರದ ಬೆಲೆ ತಿಳಿದಿತ್ತು.

ಎರಡು ತಿಂಗಳು ಕಳೆದು ಕಿಂಥುಪ್ ಮತ್ತೆ ಯಾತ್ರೆಗೆ ಅಪ್ಪಣೆ ಬೇಡಿದ. ಈ ಸಲ ಹೆಸರಿಗೆ ತ್ಸಾರಿ ಎಂಬ ಪುಣ್ಯಪರ್ವತ, ನಿಜವಾಗಿ ಲ್ಹಾಸಾ. ವಾರಗಟ್ಟಲೆ ನಡೆದು ಅಲ್ಲಿಗೆ ಮುಟ್ಟಿ, ತನ್ನ ಸೀಮೆಯವನೊಬ್ಬನನ್ನು ಹುಡುಕಿ, ಅವನ ಕೈಯಲ್ಲಿ ನೇಮ್ ಸಿಂಗನಿಗೆ ಒಂದು ಕಾಗದ ಬರೆಸಿದ. ಲಾಮ ತನ್ನನ್ನು ಮಾರಿ ಓಡಿಹೋದದ್ದು, ಅದರಿಂದ ಯಾತ್ರೆ ಕೆಟ್ಟದ್ದು, ಆದರೂ ಕ್ಯಾಪ್ಟನ್ ಸಾಹೇಬರ ಅಪ್ಪಣೆಯಂತೆ ತಾನು ಕೊರಡುಗಳನ್ನು ಸಿದ್ಧಮಾಡಿರುವುದು, ಮುಂದಿನ ಜಲ-ಮೇಷ ಸಂವತ್ಸರದ ಹತ್ತನೆಯ ತಿಂಗಳಿನ ಐದನೆಯ ದಿನದಿಂದ ಬಿಪುಂಗ್ ಎಂಬಲ್ಲಿ ದಿನಕ್ಕೆ ಐವತ್ತರಂತೆ ನದಿಗೆ ಬಿಡಲಿರುವುದು, ಇಷ್ಟೇ ಅದರ ಒಕ್ಕಣೆ. ತನ್ನ ಕಷ್ಟದ ವರ್ಣನೆಯಿಲ್ಲ. ತನ್ನನ್ನು ಬಿಡಿಸಿಕೊಳ್ಳಿ ಎಂಬ ಮೊರೆಯಿಲ್ಲ. ಟಿಬೆಟ್ಟಿನವರ ಆ ಸಂವತ್ಸರ ನಮ್ಮ ಲೆಕ್ಕದಲ್ಲಿ ೧೮೮೩. ಕಾಗದವನ್ನು ದಾರ್ಜಿಲಿಂಗಿನ ಕಡೆಗೆ ಹೊರಟಿದ್ದವರ ಕೈಗೆ ಕೊಟ್ಟು, ಲ್ಹಾಸಾದಿಂದ ಸಿಕ್ಕಿಮಿನ ದಾರಿ ತೆರೆದು ಬಿದ್ದಿದ್ದರೂ ಅದನ್ನು ಬಿಟ್ಟು, ಕಿಂಥುಪ್ ಬಂದ ದಾರಿಯಲ್ಲೇ ಹಿಂದಿರುಗಿದ. ಮಾರ್ಪುಂಗ್ ಮಠದಲ್ಲಿ ಮತ್ತೆ ಗುಲಾಮನಾದ.

ಇನ್ನೂ ಒಂಬತ್ತು ತಿಂಗಳು ಕಳೆದವು. ಮೇಲಿಂದ ಮೇಲೆ ಯಾತ್ರೆಗೆ ಹಂಬಲಿಸುವ ಈ ಆಳಿನ ಭಕ್ತಿಗೆ ಮೆಚ್ಚಿ ಮಠಾಧಿಪತಿ ಅವನಿಗೆ ಬಿಡುಗಡೆ ಕೊಟ್ಟ. ಭಕ್ತಿಯೇನೋ ನಿಜವೇ, ಆದರೆ ಅದರ ದೈವ ಯಾವುದೆಂದು ಆ ಸಾಧುವಿಗೆ ತಿಳಿಯಲಿಲ್ಲ. ಕಿಂಥುಪ್ ಕೊರಡುಗಳಿದ್ದೆಡೆಗೆ ನಡೆದ. ಹೇಳಿದ ದಿನ ಬಂತು. ಬಿಪುಂಗ್ ಎಂಬಲ್ಲಿ ನದಿಯ ಅಂಚಿಗೆ ಬಂದು ಮೊದಲ ದಿನದ ಐವತ್ತನ್ನು ಎಸೆದ. ಮರುದಿನ ಮತ್ತೆ ಐವತ್ತು. ಹೀಗೆ ಐನೂರೂ ಮುಗಿಯುವವರೆಗೆ. ಅದು ಚಳಿಗಾಲದ ಮೊದಲು. ಮಳೆಗಾಲದ ಹುಚ್ಚುಹೊಳೆ ಇಳಿದಿದ್ದರೂ ಆ ಕಣಿವೆಯಲ್ಲಿ ತ್ಸಾಂಗ್‌ಪೋ ಎಂದೂ ಸಾಧುವಲ್ಲ. ಒಂದಡಿಯ ಕೊರಡು ಆ ನೊರೆಯಲ್ಲಿ ಬಿದ್ದ ಮೇಲೆ ಎಸೆದವನ ಕಣ್ಣಿಗೆ ಎಷ್ಟು ಹೊತ್ತು ಕಂಡೀತು? ನೂರಕ್ಕೆ ಎಷ್ಟು ಬಂಡೆಗಳ ನಡುವೆ ಸಿಕ್ಕಿಕೊಂಡವೋ, ಎಷ್ಟು ಸುಳಿಗಳಲ್ಲಿ ತಿರುಗಿದವೋ, ಉಳಿದವು ಇಕ್ಕಟ್ಟಿನಿಂದ ಇಕ್ಕಟ್ಟಿಗೆ ಹಾಯ್ದು, ಯಾವ ಮನುಷ್ಯನೂ ದೋಣಿಯಲ್ಲಿ ಹೋಗಿ ಬದುಕಲಾರದ ಆ ದಾರಿಯನ್ನು ಕ್ರಮಿಸಿ, ಅಸ್ಸಾಮಿನ ಬಯಲಿಗೆ ಇಳಿದಿರಬೇಕು. ನದಿಯೊಡನೆ ತಾನು ಮಾಡಲಾರದ ಯಾತ್ರೆಯನ್ನು ಕಿಂಥುಪ್ ತನ್ನ ಕೊರಡುಗಳಿಂದ ಮಾಡಿಸಿದ.

ಅಲ್ಲಿ ಕಾಯುವವರಿರಲಿಲ್ಲ. ಲ್ಹಾಸಾದಿಂದ ಹೊರಟ ಕಾಗದ ಹೊತ್ತಿಗೆ ಸರಿಯಾಗಿ ಮುಟ್ಟಬೇಕಾದವರನ್ನು ಮುಟ್ಟಲಿಲ್ಲ. ಹಾರ್ಮನ್ ಅದಕ್ಕೆ ಮೊದಲೇ ಆರೋಗ್ಯ ಕೆಟ್ಟು ಭಾರತವನ್ನು ಬಿಟ್ಟಿದ್ದ. ೧೮೮೩ರಲ್ಲಿ, ಕೊರಡುಗಳು ನೀರಿಗೆ ಬೀಳುವುದಕ್ಕೆ ತಿಂಗಳುಗಳ ಮುಂಚೆ, ಇಟಲಿಯ ಫ್ಲಾರೆನ್ಸ್ ನಗರದಲ್ಲಿ ತೀರಿಕೊಂಡಿದ್ದ. ಅವನಿರಿಸಿದ್ದ ಕಾವಲುಗಾರರು ಎಂದೋ ಎದ್ದುಹೋಗಿದ್ದರು. ಬ್ರಹ್ಮಪುತ್ರದ ವಿಶಾಲವಾದ ನೀರಿನ ಮೇಲೆ ಬೇರೆ ಕಸಕಡ್ಡಿಗಳ ಜೊತೆಯಲ್ಲಿ ತೇಲಿಹೋದ ಆ ತುಂಡುಗಳನ್ನು ಬೆಸ್ತರು ಯಾರಾದರೂ ಒಲೆಗೆ ಹಾಕಿಕೊಂಡಿದ್ದರೆ ಅದೇ ಅವುಗಳಿಗೆ ದೊರೆತ ಉಪಚಾರ.

ಇದೊಂದನ್ನೂ ಅರಿಯದ ಕಿಂಥುಪ್ ಅಪ್ಪಣೆಯ ಇನ್ನೊಂದು ಭಾಗವನ್ನೂ ನಡೆಸಹೊರಟ. ಎಂದರೆ ನದಿಯನ್ನು ಹಿಡಿದು ಭಾರತಕ್ಕೆ ಇಳಿಯಲು ಯತ್ನಿಸಿದ. ಹಳ್ಳಿಯಿಂದ ಹಳ್ಳಿಗೆ ನಡೆದು ಓನ್ಲೆಟ್ ಎಂಬ ಊರಿನವರೆಗೂ ಬಂದ. ಬ್ರಿಟಿಷರ ಗಡಿ ಅಲ್ಲಿಂದ ಸುಮಾರು ೪೦ ಮೈಲಿ ಮಾತ್ರ. ಆದರೆ ಮುಂದಿನ ಬೆಟ್ಟಗಳ ಜನ ಅವನಿಗೆ ದಾರಿ ಕೊಡಲಿಲ್ಲ. ಇನ್ನು ಎರಡು ಮೂರು ದಿನಗಳ ನಡಿಗೆಯಲ್ಲಿ ಮುಗಿಯಬಹುದಾಗಿದ್ದ ಯಾತ್ರೆಗಾಗಿ ಅವನು ಮತ್ತೆ ಇಡೀ ಹಿಮಾಲಯವನ್ನು ಸುತ್ತಬೇಕಾಯಿತು. ಬಂದ ದಾರಿಯಲ್ಲೇ ಮೇಲಕ್ಕೆ ಹತ್ತಿ, ಲ್ಹಾಸಾವನ್ನು ಹಾದು, ೧೮೮೪ರ ನವೆಂಬರ್ ೧೭ರಂದು ದಾರ್ಜಿಲಿಂಗಿಗೆ ಬಂದು ಸೇರಿದ. ಹೊರಟು ನಾಲ್ಕು ವರ್ಷ ಮೂರು ತಿಂಗಳಾಗಿತ್ತು. ಅವನಿಲ್ಲದಾಗ ತಾಯಿ ಸತ್ತುಹೋಗಿದ್ದಳು. ಕಳುಹಿಸಿದವನೂ ಇರಲಿಲ್ಲ.

ಇಲಾಖೆಗೆ ಇವನ ಕಥೆಯನ್ನು ಕೇಳುವ ಅವಸರವೇನೂ ಇದ್ದಂತಿಲ್ಲ. ಎರಡು ವರ್ಷಗಳ ಮೇಲೆ, ೧೮೮೬ರಲ್ಲಿ, ಲಾಮಾ ಉಗ್ಯೆನ್ ಗ್ಯಾತ್ಸೋ ಅವನ ಬಾಯಿಂದ ಕೇಳಿ ಬರೆದುಕೊಂಡ. ಅದು ಇಂಗ್ಲಿಷಿಗೆ ಪರಿವರ್ತಿತವಾಗಿ ೧೮೮೯ರಲ್ಲಿ ಅಚ್ಚಾಯಿತು. ಅಂಕಿಗಳಿಲ್ಲ, ನಕ್ಷತ್ರವೀಕ್ಷಣೆಯಿಲ್ಲ, ಬರಿಯ ಜ್ಞಾಪಕ. ನೂರಾರು ಊರುಗಳ ಹೆಸರು, ಒಂದರಿಂದ ಇನ್ನೊಂದಕ್ಕೆ ಎಷ್ಟು ದೂರ, ಎಲ್ಲಿ ಹೊಳೆ ಕೂಡುತ್ತದೆ, ಎಲ್ಲಿ ಸೇತುವೆಯಿದೆ ಎಂಬುದೆಲ್ಲ ಕ್ರಮವಾಗಿ. ಕೆಲವರು ಒಪ್ಪಿದರು, ಹಲವರು ತಲೆಯಾಡಿಸಿದರು. ಗುಲಾಮನಾಗಿದ್ದ ಅನಕ್ಷರಸ್ಥನೊಬ್ಬ ಎರಡು ಮೂರು ವರ್ಷಗಳ ಹಿಂದೆ ಕಂಡದ್ದನ್ನು ಇಷ್ಟು ವಿವರವಾಗಿ ನೆನೆಯುವುದುಂಟೇ ಎಂಬ ಸಂಶಯ. ಕೊರಡು ಬಿಟ್ಟದ್ದಕ್ಕೆ ಸಾಕ್ಷಿಯಾದರೂ ಎಲ್ಲಿ?

ಆ ವರದಿಯಲ್ಲಿ ಎಲ್ಲರ ಕಣ್ಣನ್ನೂ ಸೆಳೆದದ್ದು ಒಂದು ವಾಕ್ಯ. ಪೆಮಕೋಚುಂಗ್ ಬಳಿ ತ್ಸಾಂಗ್‌ಪೋ ಸಿಂಜೆ-ಚೋಗ್ಯಾಲ್ ಎಂಬ ಕಡಿದಾದ ಬಂಡೆಯ ಮೇಲಿಂದ ೧೫೦ ಅಡಿ ಧುಮುಕುತ್ತದೆ, ಅದರ ಬುಡದ ಮಡುವಿನ ಮೇಲೆ ಸದಾ ಕಾಮನಬಿಲ್ಲು ಕಾಣುತ್ತದೆ ಎಂದು ಅಲ್ಲಿ ಅಚ್ಚಾಗಿತ್ತು. ೮೩೦ ಅಡಿಗಳ ನಮ್ಮ ಜೋಗವನ್ನು ಕಂಡವರಿಗೆ ೧೫೦ ಅಡಿ ದೊಡ್ಡದೆನಿಸಲಿಕ್ಕಿಲ್ಲ. ಆದರೆ ಅಲ್ಲಿ ಧುಮುಕುವುದು ಶರಾವತಿಯಲ್ಲ, ಅರ್ಧ ಟಿಬೆಟ್ಟಿನ ನೀರು. ಬಹುಕಾಲದಿಂದ ಹಂಬಲಿಸಿದ್ದ ಜಲಪಾತ ದೊರೆತೇ ದೊರೆಯಿತೆಂದು ಯೂರೋಪಿನ ಭೂಗೋಳಾಸಕ್ತರು ಹಿಗ್ಗಿದರು. ಕಿಂಥುಪ್‌ನ ಮಿಕ್ಕ ಮಾತುಗಳನ್ನು ನಂಬದವರು ಕೂಡ ಇದೊಂದನ್ನು ನಂಬಲು ಸಿದ್ಧರಾಗಿದ್ದರು. ವಿನೋದವೇನೆಂದರೆ ಇದೊಂದೇ ತಪ್ಪು.

ತಪ್ಪು ಬಂದ ಬಗೆ ಹಳೆಯ ಓಲೆಗರಿಗಳ ಸಹವಾಸವುಳ್ಳ ನಮ್ಮಂಥವರಿಗೆ ಹೊಸದಲ್ಲ. ಪ್ರತಿಕಾರ ಒಂದು ಪದ್ಯದ ಕೊನೆಯ ಪಾದದಿಂದ ಕಣ್ಣು ಜಾರಿ ಇನ್ನೊಂದರ ಪಾದಕ್ಕೆ ಹೋಗುತ್ತಾನೆ. ಎರಡೂ ಬೆಸೆದು ಮೂರನೆಯದೊಂದು ಹುಟ್ಟುತ್ತದೆ. ಮುಂದೆ ವಿಮರ್ಶಕ ಬಂದು ಕವಿಗೆ ಛಂದಸ್ಸು ತಿಳಿಯದೆಂದು ಬರೆಯುತ್ತಾನೆ. ಇಲ್ಲಿ ನಡೆದದ್ದೂ ಅಷ್ಟೇ. ಗ್ಯಾಲಾ ಊರಿನ ಎದುರಿಗೆ ಒಂದು ಸಣ್ಣ ಹಳ್ಳ ಎತ್ತರದ ಬಂಡೆಯಿಂದ ಬಿದ್ದು ತ್ಸಾಂಗ್‌ಪೋ ನದಿಗೆ ಸೇರುತ್ತದೆ. ಆ ನೀರಿನ ತೆರೆಯ ಹಿಂದೆ ಒಂದು ದೇವತಾಮೂರ್ತಿಯುಂಟೆಂದು ಪ್ರತೀತಿ. ದೇವತೆಯ ಹೆಸರು ಸಿಂಜೆ-ಚೋಗ್ಯಾಲ್, ನಮ್ಮ ಯಮಧರ್ಮರಾಜನೇ. ೧೫೦ ಅಡಿಯ ಪಾತ ಅದು. ಪೆಮಕೋಚುಂಗ್ ಬಳಿ ಮಹಾನದಿ ಸ್ವತಃ ಧುಮುಕುವ ಒಂದೆಡೆ ಬೇರೆ ಇದೆ. ಅಲ್ಲಿ ತುಂತುರಿನ ಮೇಲೆ ಕಾಮನಬಿಲ್ಲು ಕಟ್ಟುತ್ತದೆ. ಎತ್ತರ ಸುಮಾರು ೩೦ ಅಡಿ. ಹೇಳಿದವನು ಎರಡನ್ನೂ ಹೇಳಿದ್ದ. ಬರೆದುಕೊಳ್ಳುವಲ್ಲಿಯೋ ಭಾಷಾಂತರಿಸುವಲ್ಲಿಯೋ ಎರಡೂ ಒಂದಾದವು. ಹೇಳಿದವನಿಗೆ ಓದಲು ಬಾರದು. ಆದ್ದರಿಂದ ತನ್ನ ಹೆಸರಿನಲ್ಲಿ ಏನು ಅಚ್ಚಾಗಿದೆಯೆಂಬುದು ಅವನಿಗೆ ಮುಂದೆ ಕಾಲು ಶತಮಾನ ತಿಳಿಯಲೇ ಇಲ್ಲ.

ಆ ಕಾಲು ಶತಮಾನ ಕಿಂಥುಪ್ ಎಲ್ಲಿದ್ದ? ದಾರ್ಜಿಲಿಂಗಿನಲ್ಲಿಯೇ. ಸೂಜಿದಾರ ಹಿಡಿದು ಬಟ್ಟೆ ಹೊಲಿದ. ಬೆಟ್ಟ ಹತ್ತುವ ಸಾಹೇಬರಿಗೆ ದಾರಿ ತೋರಿಸಿದ. ಟಿಬೆಟ್ಟಿನ ಬೌದ್ಧಮತದ ಮೇಲೆ ಗ್ರಂಥ ಬರೆದ ವ್ಯಾಡೆಲ್ ತನ್ನ ಹಿಮಾಲಯದ ತಿರುಗಾಟದಲ್ಲಿ ಅವನನ್ನು ಜೊತೆಗೆ ಕರೆದುಕೊಂಡು, ೧೮೯೯ರ ತನ್ನ ಪುಸ್ತಕದಲ್ಲಿ ಅವನ ವಿಷಯವನ್ನು ಗೌರವದಿಂದ ಬರೆದಿದ್ದಾನೆ. ಹೆಚ್ಚಿನವರ ಪಾಲಿಗೆ ಅವನು ಸತ್ತವನಂತೆಯೇ.

೧೯೧೧ರಲ್ಲಿ ವಿಲಿಯಂಸನ್ ಎಂಬ ಬ್ರಿಟಿಷ್ ಅಧಿಕಾರಿ ದಿಹಾಂಗ್ ಕಣಿವೆಯಲ್ಲಿ ಕೊಲೆಯಾದ. ಅದರ ಬೆನ್ನಿಗೆ ಸೈನ್ಯ ಹೊರಟಿತು, ಸೈನ್ಯದ ಹಿಂದೆ ಮೋಜಣಿಗಾರರು ಬಂದರು. ೧೯೧೩ರಲ್ಲಿ ಬೆಯ್ಲಿ ಮತ್ತು ಮೋರ್ಸ್‌ಹೆಡ್ ಎಂಬ ಇಬ್ಬರು ಅಧಿಕಾರಿಗಳು ಗಡಿಯನ್ನು ದಾಟಿ ಪೆಮಕೋ ಸೀಮೆಗೆ ಇಳಿದು, ತ್ಸಾಂಗ್‌ಪೋ ಕಣಿವೆಯಲ್ಲಿ ಪೆಮಕೋಚುಂಗ್‌ವರೆಗೂ ಹೋದರು. ಅವರ ಕೈಯಲ್ಲಿ ಕಿಂಥುಪ್‌ನ ಅಚ್ಚಾದ ವರದಿಯಿತ್ತು. ಊರಿನ ಮೇಲೆ ಊರು ಅದರಲ್ಲಿ ಹೇಳಿದಂತೆಯೇ ಎದುರಾಯಿತು. ಅಳತೆಯ ಯಂತ್ರಗಳನ್ನು ಹೊತ್ತು ನಡೆದ ಅವರು, ಏನೂ ಇಲ್ಲದೆ ನಡೆದವನ ಜ್ಞಾಪಕವನ್ನು ಹೆಜ್ಜೆ ಹೆಜ್ಜೆಗೂ ಒಪ್ಪಬೇಕಾಯಿತು. ತ್ಸಾಂಗ್‌ಪೋ, ದಿಹಾಂಗ್ ಒಂದೇ ನದಿಯೆಂಬುದು ನಿಸ್ಸಂದೇಹವಾಯಿತು. ೧೫೦ ಅಡಿಯ ಜಲಪಾತವೊಂದು ಮಾತ್ರ ಪೆಮಕೋಚುಂಗ್ ಬಳಿ ಇರಲಿಲ್ಲ.

ಅವರು ಕಾಣದೆ ಬಿಟ್ಟ ಕೆಲವು ಮೈಲಿಗಳ ಬಹುಭಾಗವನ್ನು ೧೯೨೪ರಲ್ಲಿ ಸಸ್ಯಶೋಧಕ ಕಿಂಗ್ಡನ್ ವಾರ್ಡ್ ನಡೆದು ನೋಡಿದ. ೧೯೯೮ರಲ್ಲಿ ಮತ್ತೆ ಕೆಲವರು ಇಳಿದು, ನೂರಡಿಗೆ ತುಸು ಮಿಕ್ಕ ಪಾತವೊಂದನ್ನು ಅಳೆದರು. ಅದೇ ವರ್ಷ ಆ ನೊರೆಹೊಳೆಯಲ್ಲಿ ಸಣ್ಣ ದೋಣಿಗಳಲ್ಲಿ ಇಳಿಯಹೋದ ಅಮೆರಿಕದ ತಂಡವೊಂದರ ಒಬ್ಬ ಪ್ರಾಣ ಕಳೆದುಕೊಂಡ. ೨೦೦೨ರ ಚಳಿಗಾಲದಲ್ಲಿ, ನೀರು ಅತಿ ಕಡಿಮೆಯಿರುವ ತಿಂಗಳುಗಳನ್ನು ಕಾದು, ಜಗತ್ತಿನ ಅತಿ ನಿಪುಣರಾದ ದೋಣಿಗಾರರ ತಂಡವೊಂದು ಕಣಿವೆಯ ಮೇಲಿನ ಭಾಗವನ್ನು ಹಾದುಬಂತು. ಅವರು ಕೂಡ ದೊಡ್ಡ ಧುಮುಕುಗಳ ಬಳಿ ದೋಣಿಗಳನ್ನು ಹೊತ್ತು ಬೆಟ್ಟ ಹತ್ತಲೇಬೇಕಾಯಿತು. ಕಿಂಥುಪ್‌ನ ಕೊರಡುಗಳಿಗೆ ಆ ಸೌಕರ್ಯವಿರಲಿಲ್ಲ.

ಯಾತ್ರೆಯಿಂದ ಮರಳಿದ ಬೆಯ್ಲಿಗೆ ಒಂದೇ ಹಟ. ಆ ಕಿಂಥುಪ್ ಇದ್ದಾನೆಯೇ ಎಂದು ವಿಚಾರಿಸಿದ. ಹುಡುಕಿದಾಗ ದಾ‌ರ್ಜಿಲಿಂಗಿನಲ್ಲಿ ಮುದಿ ದರ್ಜಿ ಸಿಕ್ಕಿದ. ಅವನನ್ನು ಸಿಮ್ಲಾಕ್ಕೆ ಕರೆಯಿಸಿದರು. ಬೆಯ್ಲಿ ಅವನೊಡನೆ ಕುಳಿತು ಆ ಕಣಿವೆಯ ಊರುಗಳನ್ನು, ಹೊಳೆಗಳನ್ನು ಒಂದೊಂದಾಗಿ ಮಾತನಾಡಿದ. ಆ ನೆಲವನ್ನು ಮೆಟ್ಟಿದವರಿಬ್ಬರು ಎದುರೆದುರು ಕುಳಿತದ್ದು ಅದೇ ಮೊದಲು. ೧೫೦ ಅಡಿಯ ಮಾತು ಬಂದಾಗ ಕಿಂಥುಪ್ ತಾನು ಹಾಗೆ ಹೇಳಿದವನೇ ಅಲ್ಲವೆಂದ. ಗ್ಯಾಲಾದ ಹಳ್ಳದ ವಿಷಯವನ್ನೂ ಪೆಮಕೋಚುಂಗ್ ಬಳಿಯ ನದಿಯ ವಿಷಯವನ್ನೂ ಬಿಡಿಸಿ ತಿಳಿಸಿದ. ಮೂವತ್ತು ವರ್ಷಗಳಿಗೆ ಮಿಕ್ಕಿ ಕಳೆದಿದ್ದರೂ ಅವನ ಜ್ಞಾಪಕ ಮಾಸಿರಲಿಲ್ಲ.

ಈ ಮನುಷ್ಯನಿಗೆ ತಿಂಗಳಿಗೆ ಒಂದಿಷ್ಟು ವಿಶ್ರಾಂತಿವೇತನವನ್ನು ಕೊಡಬೇಕೆಂದು ಬೆಯ್ಲಿ ಸರ್ಕಾರಕ್ಕೆ ಬರೆದ. ಕೇಳಿದ ಮೊತ್ತ ಅಲ್ಪವೇ. ಸರ್ಕಾರ ಯೋಚಿಸಿತು. ಮುದುಕ ತೊಂಬತ್ತು ವರ್ಷ ಬದುಕಿಬಿಟ್ಟರೆ? ಕೊನೆಯಿಲ್ಲದ ಖರ್ಚಿಗೆ ಸರ್ಕಾರ ಕಟ್ಟುಬೀಳುವುದು ಹೇಗೆ? ಕೊನೆಗೆ ಒಂದು ಸಲಕ್ಕೆಂದು ೧,೦೦೦ ರೂಪಾಯಿ ಮಂಜೂರಾಯಿತು. ಕಿಂಥುಪ್ ಅದನ್ನು ತೆಗೆದುಕೊಂಡು ದಾರ್ಜಿಲಿಂಗಿಗೆ ಮರಳಿದ. ಆಮೇಲೆ ಅವನು ಬದುಕಿದ್ದದ್ದು ಕೆಲವೇ ತಿಂಗಳು.